ಸೇನೆಯ ಪಾದ್ರಿ ತಪ್ಪು ಮಾಡಿದರೆ ಕೇಳಬೇಕಾದವರು ಯಾರು? ಬಿಷಪ್ಪಾ, ಕಮಾಂಡರಾ?

ಮರಳುಗಾಡಿನ ಮಲೆನಾಡಿಗ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ. ನಾನಿರುವುದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ. ಊರಿನ ಒಂದು ಮಗ್ಗುಲಿಗೆ ಕಿರ್ಟ್‌ಲೆಂಡ್ ಅಂತ ದೊಡ್ಡ ವಾಯುನೆಲೆ ಇದೆ. ಇಲ್ಲಿನ ಹಳಬರು ಮಾತಿಗೆ ಕೂತರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಆರ್ಥರ್ ಪೆರಾಲ್ಟ್ ಅನ್ನುವ ಪಾದ್ರಿಯ ಹೆಸರು ಬಂದೇ ಬರುತ್ತದೆ. ನಾನು ಸುಮ್ನೆ ಕುತೂಹಲಕ್ಕೆ ಕೇಸಿನ ವಿವರ ಹುಡುಕಿ ಓದಿದೆ. ಓದಿದ ಮೇಲೆ ತಲೆ ಕೆಟ್ಟುಹೋಗಿದೆ.

ಕತೆ ಹೀಗಿದೆ. ಈತ ಮೊದಲು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿದ್ದ ಪಾದ್ರಿ. 1965ರಲ್ಲಿ ಅವನನ್ನು ನ್ಯೂ ಮೆಕ್ಸಿಕೊದ ಹೇಮೆಸ್ ಸ್ಪ್ರಿಂಗ್ಸ್‌ಗೆ "ಚಿಕಿತ್ಸೆ"ಗೆ ಕಳಿಸಿದರು. ದಾರಿ ತಪ್ಪಿದ ಪಾದ್ರಿಗಳಿಗೆಂದೇ ಅಲ್ಲೊಂದು ಕೇಂದ್ರ ಇತ್ತು. ಚಿಕಿತ್ಸೆ ಮುಗಿದ ಮೇಲೆ ವಾಪಸ್ ಕಳಿಸಿದರಾ? ಇಲ್ಲ. ಇಲ್ಲೇ ಆಲ್ಬುಕರ್ಕಿಯ ಚರ್ಚುಗಳಲ್ಲಿ ಕೆಲಸ ಕೊಟ್ಟರು. ಮಕ್ಕಳ ನಡುವೆಯೇ! ಸಾಲದ್ದಕ್ಕೆ ವಾಯುಪಡೆಯ ಚಾಪ್ಲಿನ್ ಕೂಡ ಆದ. 1992ರಲ್ಲಿ ಅವನ ಕೃತ್ಯಗಳ ಬಗ್ಗೆ ಎರಡು ಸಿವಿಲ್ ದಾವೆ ದಾಖಲಾಗುವುದಕ್ಕೆ ಕೆಲವೇ ದಿನ ಮೊದಲು ಊರು ಬಿಟ್ಟ. ಆಮೇಲೆ ಸಿಕ್ಕಿದ್ದು 2017ರಲ್ಲಿ, ಮೊರಾಕೊದಲ್ಲಿ. ಅಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಪಾಠ ಹೇಳಿಕೊಂಡಿದ್ದ. 2018ರಲ್ಲಿ ಹಿಡಿದು ತಂದರು. 2019ರ ಏಪ್ರಿಲ್‌ನಲ್ಲಿ ಜ್ಯೂರಿ ತಪ್ಪಿತಸ್ಥ ಅಂತ ಹೇಳಿತು, ಸೆಪ್ಟೆಂಬರ್‌ನಲ್ಲಿ 30 ವರ್ಷ ಶಿಕ್ಷೆ. ಆಗ ಅವನಿಗೆ 81 ವಯಸ್ಸು.

ನನಗೆ ಅರ್ಥವಾಗದ್ದು ಒಂದೇ. ಈತ ಒಂದು ಕಡೆ ಚರ್ಚಿನ ಮನುಷ್ಯ, ಇನ್ನೊಂದು ಕಡೆ ವಾಯುಪಡೆಯ ಮನುಷ್ಯ. ಇಬ್ಬರು ಯಜಮಾನರು. ಹಾಗಿದ್ದಮೇಲೆ ಡಬಲ್ ಕಾವಲು ಇರಬೇಕಿತ್ತು ಅಲ್ವಾ? ಒಬ್ಬರೂ ಯಾಕೆ ಹಿಡಿಯಲಿಲ್ಲ?

ಸುಮ್ನೆ ಕೇಳ್ದೆ:
ಚಾಪ್ಲಿನ್ ಅಂದರೆ ಮಿಲಿಟರಿಯಲ್ಲಿ ಪೂಜೆ ಮಾಡುವವರಾ? ನಮ್ಮ ಆರ್ಮಿಯಲ್ಲೂ ಇದ್ದಾರಾ?

ನಿವೃತ್ತ ಸುಬೇದಾರ್:
ಇದ್ದಾರೆ ಮಗಾ. ನಮ್ಮಲ್ಲಿ ಧರ್ಮಗುರು ಅಂತಾರೆ. ಪಂಡಿತ್‌ಜಿ, ಗ್ರಂಥಿ, ಮೌಲ್ವಿ, ಪಾದ್ರಿ, ಪಲ್ಟನ್ನಿನಲ್ಲಿ ಯಾವ ಜನ ಜಾಸ್ತಿಯೋ ಅದರ ಪ್ರಕಾರ. ಜೆಸಿಒ, ಅಂದರೆ ಜವಾನರಿಗೂ ಅಧಿಕಾರಿಗಳಿಗೂ ನಡುವಿನ ರ‍್ಯಾಂಕು. ಪುಣೆಯಲ್ಲಿ ಟ್ರೈನಿಂಗ್. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಧರ್ಮಗುರುವನ್ನು ಆರಿಸುವುದು ಸೇನೆ, ಸಂಬಳ ಕೊಡುವುದು ಸೇನೆ, ತಪ್ಪು ಮಾಡಿದರೆ ಕೋರ್ಟ್ ಮಾರ್ಷಲ್ ಮಾಡುವುದೂ ಸೇನೆ. ಅವನ ಮೇಲೆ ಯಾವ ಮಠವೂ ಇಲ್ಲ, ಯಾವ ಬಿಷಪ್ಪೂ ಇಲ್ಲ. ಅಮೆರಿಕದ್ದು ಹಾಗಲ್ಲ ಅಂತ ಕೇಳಿದ್ದೇನೆ. ಗೊತ್ತಿದ್ದವರು ಹೇಳಿ.

ಮತ್ತೆ ಒಂದು ಮಾತು. ನಾನು ಸರ್ವೀಸಿನಲ್ಲಿ ಕಂಡ ಧರ್ಮಗುರುಗಳೆಲ್ಲ ಒಳ್ಳೆಯವರೇ. ಹುಡುಗರಿಗೆ ಮನೆ ಕಡೆ ಏನಾದರೂ ಆದರೆ ಮೊದಲು ಹೋಗುತ್ತಿದ್ದುದು ಅವರ ಹತ್ತಿರ. ಆ ನಂಬಿಕೆಯನ್ನೇ ಬಳಸಿಕೊಂಡ ಅಂದರೆ ಅದಕ್ಕಿಂತ ನೀಚತನ ಇಲ್ಲ.

ಕುಡ್ಲದ ಅಕ್ಕ:
ನಾನು ಮಂಗಳೂರಿನ ಕ್ಯಾಥೊಲಿಕ್, ಚರ್ಚಿನ ವ್ಯವಸ್ಥೆ ಒಳಗಿಂದ ಸ್ವಲ್ಪ ಗೊತ್ತು. ಹೇಳುತ್ತೇನೆ.

ಸಾಮಾನ್ಯವಾಗಿ ಧರ್ಮಪ್ರಾಂತ್ಯ ಅಂದರೆ ಒಂದು ಜಾಗ. ಮಂಗಳೂರು ಧರ್ಮಪ್ರಾಂತ್ಯ, ಉಡುಪಿ ಧರ್ಮಪ್ರಾಂತ್ಯ, ಹೀಗೆ. ಅಮೆರಿಕದಲ್ಲಿ ಇದರ ಜೊತೆಗೆ ಸೇನೆಗೆಂದೇ ಒಂದು ಮಹಾಧರ್ಮಪ್ರಾಂತ್ಯ ಇದೆ. ಅದಕ್ಕೆ ಜಾಗ ಅಂತ ಇಲ್ಲ. ಸೈನಿಕರು, ಅವರ ಮನೆಯವರು, ಮಾಜಿ ಸೈನಿಕರ ಆಸ್ಪತ್ರೆಗಳು, ವಿದೇಶದಲ್ಲಿರುವ ಅಮೆರಿಕದ ಸರ್ಕಾರಿ ನೌಕರರು, ಎಲ್ಲರೂ ಅದರ ಭಕ್ತರು. ಅವರದೇ ಲೆಕ್ಕದಲ್ಲಿ ಸುಮಾರು 18 ಲಕ್ಷ ಜನ. ಮೊದಲು ಇದನ್ನು ನ್ಯೂಯಾರ್ಕ್ ಆರ್ಚ್‌ಬಿಷಪ್ಪರೇ ನೋಡಿಕೊಳ್ಳುತ್ತಿದ್ದರು, 1985ರಲ್ಲಿ ಬೇರೆ ಮಾಡಿದರು. 1986ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಎಲ್ಲ ದೇಶಗಳ ಸೇನಾ ಧರ್ಮಪ್ರಾಂತ್ಯಗಳಿಗೂ ಸೇರಿಸಿ ಒಂದು ಕಾನೂನು ತಂದರು. 2008ರಿಂದ ಅಮೆರಿಕದ ಈ ಪ್ರಾಂತ್ಯಕ್ಕೆ ಮುಖ್ಯಸ್ಥರು ಆರ್ಚ್‌ಬಿಷಪ್ ತಿಮೊಥಿ ಬ್ರೊಲಿಯೊ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಕೆಲಸ ಮಾಡುವ ಪಾದ್ರಿಗಳು ಹೆಚ್ಚುಕಡಿಮೆ ಎಲ್ಲರೂ ಎರವಲು. ಗುರುದೀಕ್ಷೆ ಪಡೆದದ್ದು ಬಾಸ್ಟನ್ನಿಗೋ ಷಿಕಾಗೋಗೋ, ಅಥವಾ ಯಾವುದೋ ಸಂನ್ಯಾಸಿ ಸಂಘಕ್ಕೋ. ವಿಧೇಯತೆ ಮಾತು ಕೊಟ್ಟದ್ದು ಅಲ್ಲಿನ ಬಿಷಪ್ಪರಿಗೆ. ಆ ಬಿಷಪ್ಪರು ಕೆಲವು ವರ್ಷಕ್ಕೆ ಅಂತ ಸೇನೆಗೆ ಬಿಟ್ಟುಕೊಡುತ್ತಾರೆ. ಸೇನಾ ಆರ್ಚ್‌ಬಿಷಪ್ಪರು "ಇವರು ಯೋಗ್ಯರು" ಅಂತ ಒಂದು ಶಿಫಾರಸು ಪತ್ರ ಕೊಡುತ್ತಾರೆ. ಆ ಪತ್ರ ಇಲ್ಲದೆ ಸೇನೆ ಸೇರಿಸಿಕೊಳ್ಳುವುದಿಲ್ಲ, ಪತ್ರ ವಾಪಸ್ ತೆಗೆದುಕೊಂಡರೆ ಸೇನೆಯಲ್ಲಿ ಚಾಪ್ಲಿನ್ ಆಗಿ ಉಳಿಯುವ ಹಾಗಿಲ್ಲ. ಆಮೇಲೆ ದಿನನಿತ್ಯದ ಕೆಲಸದಲ್ಲಿ ಅವನಿಗೆ ಬಾಸ್ ಯಾರು? ಕಮಾಂಡಿಂಗ್ ಆಫೀಸರ್.

ಅಂದರೆ ಇಬ್ಬರಲ್ಲ ಮಲೆನಾಡಿಗರೇ, ಮೂವರು ಯಜಮಾನರು. ಏನಾದರೂ ಆದರೆ ಊರಿನ ಬಿಷಪ್ಪರು "ಆಗ ಅವರು ಸೇನೆಯಲ್ಲಿದ್ದರು" ಅನ್ನಬಹುದು, ಸೇನಾ ಆರ್ಚ್‌ಬಿಷಪ್ಪರು "ಅವರು ನಮ್ಮ ಪಾದ್ರಿ ಅಲ್ಲ, ಎರವಲು ಬಂದವರು" ಅನ್ನಬಹುದು, ಕಮಾಂಡರ್ "ಧರ್ಮದ ವಿಚಾರ, ಚರ್ಚು ನೋಡಿಕೊಳ್ಳಲಿ" ಅನ್ನಬಹುದು. ಮೂರೂ ಮಾತು ಕಾಗದದ ಮೇಲೆ ನಿಜವೇ! ಇದೇ ತೊಂದರೆ. ಯಾರೂ ಸುಳ್ಳು ಹೇಳದೆಯೇ ಎಲ್ಲರೂ ಕೈ ತೊಳೆದುಕೊಳ್ಳುವ ಹಾಗಿದೆ ವ್ಯವಸ್ಥೆ.

ಬೆಂಕಿಪೊಟ್ಟಣ:
ಎಲ್ಲ ಧರ್ಮದವರೂ ಇಷ್ಟೇ ಬಿಡಿ. ಕಾವಿ ಆಗಲಿ ಬಿಳಿ ಆಗಲಿ. ಇದಕ್ಕೆ ಇಷ್ಟುದ್ದ ಚರ್ಚೆ ಬೇಕಾ? ಎಲ್ಲರನ್ನೂ ಒಳಗೆ ಹಾಕಿ ಅಷ್ಟೇ.

ದಕ್ಷಿಣದ ಗಾಳಿ:
ನಮ್ಮೂರಿನ ವಿಷಯ ಬಂದಾಗ ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಾರೆ, ಅಮೆರಿಕದ ಪಾದ್ರಿ ಅಂದ ಕೂಡಲೇ ಉತ್ಸಾಹ. ಇದು ಕ್ರೈಸ್ತರನ್ನು ಬೈಯಲು ಒಂದು ನೆಪ ಅಷ್ಟೇ ಅನ್ನಿಸುತ್ತಿದೆ.

ನಿರ್ವಾಹಕರು:
ಎರಡೂ ಕಡೆಯವರಿಗೆ ಹೇಳುತ್ತಿದ್ದೇನೆ. ಧರ್ಮ ಧರ್ಮದ ಜಗಳ ಇಲ್ಲಿ ಬೇಡ. ನೊಂದವರ ಗುರುತು ಹೇಳುವ ಯಾವ ವಿವರವನ್ನೂ ಹಾಕಬೇಡಿ. ದೌರ್ಜನ್ಯದ ವರ್ಣನೆಯೂ ಬೇಡ. ಉಳಿದಂತೆ ಮುಂದುವರಿಸಿ.

ಕುಡ್ಲದ ಅಕ್ಕ:
ದಕ್ಷಿಣದ ಗಾಳಿಯವರೇ, ನಾನು ಪ್ರತಿ ಭಾನುವಾರ ಪೂಜೆಗೆ ಹೋಗುವವಳು. ನನ್ನ ಮಗ ಎರಡು ವರ್ಷ ಪೂಜೆಗೆ ಪಾದ್ರಿಗಳ ಪಕ್ಕದಲ್ಲಿ ನಿಂತು ಸೇವೆ ಮಾಡಿದವನು. ಇದನ್ನು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಮಗಿದೆ. ಚರ್ಚನ್ನು ಬೈಯುವವರು ಹೊರಗಿನವರು, ಸುಮ್ಮನಿರುವವರು ಒಳಗಿನವರು ಅನ್ನುವ ಲೆಕ್ಕಾಚಾರದಿಂದಲೇ ಇಷ್ಟೆಲ್ಲ ಆದದ್ದು.

ಧಾರವಾಡದ ವಕೀಲ:
ತಡವಾಗಿ ಬಂದೆ. ಪೆರಾಲ್ಟ್ ಕೇಸಿನ ಬಗ್ಗೆ ನನಗೆ ತುಂಬ ಇಷ್ಟವಾದ ಒಂದು ಅಂಶ ಇದೆ, ಯಾರೂ ಎತ್ತಲಿಲ್ಲ.

ಅವನ ಮೇಲೆ ಇದ್ದ ಆರೋಪಗಳು ಯಾವ ಜಾಗದವು ನೋಡಿ. ಕಿರ್ಟ್‌ಲೆಂಡ್ ವಾಯುನೆಲೆ, ಮತ್ತೆ ಸಾಂತಾ ಫೆಯಲ್ಲಿರುವ ರಾಷ್ಟ್ರೀಯ ಸೈನಿಕ ಸ್ಮಶಾನ. ಎರಡೂ ಕೇಂದ್ರ ಸರ್ಕಾರದ ನೆಲ. ಅಮೆರಿಕದಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧ ಸಾಮಾನ್ಯವಾಗಿ ರಾಜ್ಯದ ಕಾನೂನಿಗೆ ಬರುತ್ತದೆ, ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಪ್ರಾಸಿಕ್ಯೂಟರ್ ಕೈ ಹಾಕುವ ಹಾಗಿಲ್ಲ. ಆದರೆ ಘಟನೆ ಫೆಡರಲ್ ನೆಲದಲ್ಲಿ ಆದರೆ ಕೇಸು ನೇರ ಅವರಿಗೆ. ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಬಂತು, ಮೊರಾಕೊ ಸರ್ಕಾರದ ಜೊತೆ ಮಾತುಕತೆ ಆಯಿತು, ಮನುಷ್ಯನನ್ನು ವಿಮಾನ ಹತ್ತಿಸಿ ತಂದರು.

ಇನ್ನು ಕಾಲಮಿತಿ. ಘಟನೆ 1991–92ರದ್ದು, ಆರೋಪಪಟ್ಟಿ 2017ರಲ್ಲಿ. ಹೇಗೆ ಸಾಧ್ಯ? ಅಮೆರಿಕದ ಫೆಡರಲ್ ಕಾನೂನಿನಲ್ಲಿ ಮೊದಲು ಸಂತ್ರಸ್ತ ಮಗುವಿಗೆ 25 ವರ್ಷ ತುಂಬುವವರೆಗೆ ಮಾತ್ರ ಕೇಸು ಹಾಕಬಹುದಿತ್ತು. 2003ರಲ್ಲಿ ಅದನ್ನು ಬದಲಿಸಿ, ಆ ಮಗು ಬದುಕಿರುವ ತನಕ ಅಂತ ಮಾಡಿದರು. ಅದೇ 2003ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯಾದ ಇನ್ನೊಂದು ಕೇಸಿನಲ್ಲಿ, ಒಮ್ಮೆ ಕಾಲಮಿತಿ ಮುಗಿದಿದ್ದರೆ ಹೊಸ ಕಾನೂನು ತಂದು ಅದನ್ನು ಮತ್ತೆ ಜೀವಂತ ಮಾಡುವ ಹಾಗಿಲ್ಲ ಅಂತಲೂ ಹೇಳಿತು. ಪೆರಾಲ್ಟ್ ಕೇಸಿನ ಸಂತ್ರಸ್ತ ಹುಡುಗನಿಗೆ 2003ರಲ್ಲಿ ಇನ್ನೂ 25 ಆಗಿರಲಿಲ್ಲ. ಹಾಗಾಗಿ ಕೇಸು ಬಚಾವ್. ಪೆರಾಲ್ಟ್‌ನಿಂದ ಚಿಕ್ಕಂದಿನಲ್ಲಿ ನೊಂದ ಬೇರೆ ಗಂಡಸರೂ ಬಂದು ಸಾಕ್ಷಿ ಹೇಳಿದರು, ಆದರೆ ಆರೋಪ ಇದ್ದದ್ದು ಈ ಒಬ್ಬ ಹುಡುಗನ ವಿಷಯದ್ದು ಮಾತ್ರ. ಅವರನ್ನೆಲ್ಲ ಸಾಕ್ಷಿ ಹೇಳಿಸಿದ್ದು ತಪ್ಪು ಅಂತ ಆತ ಅಪೀಲು ಹೋದ. 2021ರಲ್ಲಿ ಅಪೀಲು ಕೋರ್ಟು ಶಿಕ್ಷೆ ಎತ್ತಿಹಿಡಿಯಿತು.

ವಿಚಿತ್ರ ನೋಡಿ. ಮಿಲಿಟರಿ ಗೇಟಿನ ಒಳಗೆ ಹೋಗುವುದಕ್ಕೆ ಅವನಿಗೆ ಅಧಿಕಾರ ಕೊಟ್ಟದ್ದು ಆ ಚಾಪ್ಲಿನ್ ಹುದ್ದೆ. ಕೊನೆಗೆ ಜೈಲಿಗೆ ಹಾಕಿಸಿದ್ದೂ ಆ ಗೇಟೇ. ಇದೇ ಕೃತ್ಯ ನಾಲ್ಕು ಮೈಲಿ ಆಚೆ ಚರ್ಚಿನ ಮನೆಯಲ್ಲಿ ಮಾತ್ರ ನಡೆದಿದ್ದರೆ ಫೆಡರಲ್ ಪ್ರಾಸಿಕ್ಯೂಟರ್‌ಗೆ ಈ ದಾರಿ ಇರುತ್ತಿರಲಿಲ್ಲ.

ಮರಳುಗಾಡಿನ ಮಲೆನಾಡಿಗ:
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ ವಕೀಲರೇ. ಆದರೆ ಯೋಚಿಸಿ, ಇದು ವ್ಯವಸ್ಥೆ ಕೆಲಸ ಮಾಡಿದ್ದಲ್ಲ. ಬರೀ ಅದೃಷ್ಟ. ಜಾಗ ಯಾವುದು, ಹುಡುಗನ ವಯಸ್ಸು ಎಷ್ಟು, ಇವೆರಡರ ಮೇಲೆ ನಿಂತ ನ್ಯಾಯ.

ಧಾರವಾಡದ ವಕೀಲ:
ಹೌದು. ಅದಕ್ಕೇ ನಾನು "ಇಷ್ಟವಾದ ಅಂಶ" ಅಂದದ್ದು ವಕೀಲನಾಗಿ, ಮನುಷ್ಯನಾಗಿ ಅಲ್ಲ.

ಸುಮ್ನೆ ಕೇಳ್ದೆ:
ಆ ಹೇಮೆಸ್ ಸ್ಪ್ರಿಂಗ್ಸ್ ಕೇಂದ್ರ ಅಂದಿರಲ್ಲ, ಅದು ಏನು? ಪಾದ್ರಿಗಳಿಗೆ ಆಸ್ಪತ್ರೆಯಾ?

ಕುಡ್ಲದ ಅಕ್ಕ:
1947ರಲ್ಲಿ ಫಾದರ್ ಜೆರಾಲ್ಡ್ ಫಿಟ್ಸ್‌ಜೆರಾಲ್ಡ್ ಅನ್ನುವವರು ಶುರುಮಾಡಿದ ಸಂಸ್ಥೆ, ಸರ್ವೆಂಟ್ಸ್ ಆಫ್ ದಿ ಪ್ಯಾರಾಕ್ಲೀಟ್ ಅಂತ ಹೆಸರು. ಮೊದಮೊದಲು ಕುಡಿತಕ್ಕೆ ಬಿದ್ದ ಪಾದ್ರಿಗಳು ಬರುತ್ತಿದ್ದರು. ಆಮೇಲೆ ಬಿಷಪ್ಪರುಗಳು ಮಕ್ಕಳ ಮೇಲೆ ಕೈ ಹಾಕಿದವರನ್ನೂ ಅಲ್ಲಿಗೇ ಕಳಿಸತೊಡಗಿದರು.

ಹೊಟ್ಟೆ ಉರಿಯುವ ಸಂಗತಿ ಕೇಳಿ. ಸಂಸ್ಥಾಪಕರೇ 1950ರ ದಶಕದಿಂದ ಬಿಷಪ್ಪರಿಗೆ ಕಾಗದ ಬರೆಯುತ್ತಿದ್ದರು. ಇಂಥವರು ಸರಿಹೋಗುವುದಿಲ್ಲ, ಇವರನ್ನು ಮತ್ತೆ ಚರ್ಚುಗಳಿಗೆ ಕಳಿಸಬೇಡಿ, ಪಾದ್ರಿ ಪಟ್ಟವನ್ನೇ ತೆಗೆದುಹಾಕಿ ಅಂತ. 1963ರಲ್ಲಿ ಆರನೇ ಪಾಲ್ ಪೋಪರಿಗೂ ಬರೆದರು. ಇವರನ್ನು ಜನರಿಂದ ದೂರ ಇಡಲು ಕೆರಿಬಿಯನ್ನಿನಲ್ಲಿ ಒಂದು ದ್ವೀಪ ಕೊಳ್ಳಲು 5,000 ಡಾಲರ್ ಮುಂಗಡವನ್ನೂ ಕೊಟ್ಟಿದ್ದರು! ಮೇಲಿನವರು ಒಪ್ಪಲಿಲ್ಲ. ಪೆರಾಲ್ಟ್ ಅಲ್ಲಿಗೆ ಬಂದದ್ದು 1965. ಅಂದರೆ ಎಚ್ಚರಿಕೆ ಕೊಟ್ಟು ಎಷ್ಟೋ ವರ್ಷ ಆದ ಮೇಲೆ. "ಆಗಿನ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ" ಅನ್ನುವ ಸಮರ್ಥನೆ ನಮ್ಮ ಚರ್ಚಿನ ಹಿರಿಯರ ಬಾಯಲ್ಲೂ ಕೇಳಿದ್ದೇನೆ. ಗೊತ್ತಿತ್ತು. ಕಾಗದ ಇದೆ.

ನಿವೃತ್ತ ಸುಬೇದಾರ್:
ಅಕ್ಕ, ಒಂದು ಸಂಶಯ. ಅಂಥವನನ್ನು ವಾಯುಪಡೆ ಹೇಗೆ ತೆಗೆದುಕೊಂಡಿತು? ನಮ್ಮಲ್ಲಿ ಒಬ್ಬ ಸಿಪಾಯಿ ಭರ್ತಿ ಆಗಬೇಕಾದರೂ ಊರಿನ ಪೊಲೀಸ್ ಸ್ಟೇಷನ್ನಿನಿಂದ ವೆರಿಫಿಕೇಶನ್ ಬರಬೇಕು.

ಕುಡ್ಲದ ಅಕ್ಕ:
ಪೊಲೀಸರ ಹತ್ತಿರ ದಾಖಲೆ ಇದ್ದರಲ್ಲವೇ ಸಾಹೇಬ್ರೇ ವೆರಿಫಿಕೇಶನ್ನಿನಲ್ಲಿ ಬರುವುದು! ಚರ್ಚಿನ ಬೀರುವಿನಲ್ಲಿರುವ ಫೈಲು ಸೇನೆಗೆ ಕಾಣುವುದಿಲ್ಲ. ಧರ್ಮದ ಯೋಗ್ಯತೆ ಚರ್ಚು ಹೇಳಬೇಕು, ಸರ್ಕಾರ ಹೇಳುವ ಹಾಗಿಲ್ಲ, ಅಲ್ಲಿನ ಸಂವಿಧಾನ ಹಾಗಿದೆ. ಆದ್ದರಿಂದ ಸೇನೆ ಚರ್ಚಿನ ಪತ್ರವನ್ನು ನಂಬುತ್ತದೆ.

ಮತ್ತೆ ಪಾದ್ರಿಗಳ ಬರ ಬೇರೆ. ಸೇನೆಯಲ್ಲಿ ನಾಲ್ಕರಲ್ಲಿ ಒಬ್ಬರು ಕ್ಯಾಥೊಲಿಕರು, ಆದರೆ ಚಾಪ್ಲಿನ್‌ಗಳಲ್ಲಿ ಕ್ಯಾಥೊಲಿಕ್ ಪಾದ್ರಿಗಳು ನೂರಕ್ಕೆ ಎಂಟು ಅಂತ ಆ ಮಹಾಧರ್ಮಪ್ರಾಂತ್ಯವೇ ಹೇಳುತ್ತಾ ಬಂದಿದೆ. ಊರಿನ ಬಿಷಪ್ಪರಿಗೂ ಪಾದ್ರಿಗಳು ಸಾಲದು. ಹಾಗಿದ್ದಾಗ ಬಹಳ ಒಳ್ಳೆಯ ಪಾದ್ರಿಯನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ಇದು ನನ್ನ ಊಹೆ, ಎಲ್ಲರ ಮೇಲೂ ಹೊರಿಸುತ್ತಿಲ್ಲ. ಕೊರಿಯಾ ಯುದ್ಧದಲ್ಲಿ ಸೆರೆಶಿಬಿರದಲ್ಲಿ ಸತ್ತ ಎಮಿಲ್ ಕಪೌನ್ ಅಂಥವರೂ ಇದೇ ಚಾಪ್ಲಿನ್‌ಗಳ ಸಾಲಿನವರು. ಅವರಿಗೆ 2013ರಲ್ಲಿ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಟ್ಟರು.

ಪರ್ತ್ ಪುಟ್ಟ:
ಆಸ್ಟ್ರೇಲಿಯಾದಿಂದ. ಇಲ್ಲಂತೂ ಸೇನೆಯ ಬಿಷಪ್ಪರ ಮೇಲೆಯೇ ಕೇಸಾಗಿತ್ತು. ಮ್ಯಾಕ್ಸ್ ಡೇವಿಸ್ ಅಂತ. 2014ರಲ್ಲಿ. ಆಸ್ಟ್ರೇಲಿಯಾದಲ್ಲಿ ಇಂಥ ಆರೋಪ ಎದುರಿಸಿದ ಮೊದಲ ಕ್ಯಾಥೊಲಿಕ್ ಬಿಷಪ್.

ಧಾರವಾಡದ ವಕೀಲ:
ಪೂರ್ತಿ ಹೇಳಿ ಸರ್. 2016ರಲ್ಲಿ ಜ್ಯೂರಿ ಅವರನ್ನು ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ಮತ್ತೆ ಆ ಆರೋಪ ಅವರು ಸೇನೆಯ ಬಿಷಪ್ ಆಗುವುದಕ್ಕೆ ಎಷ್ಟೋ ವರ್ಷ ಮೊದಲಿನದು, ನ್ಯೂ ನಾರ್ಸಿಯಾದ ಒಂದು ಶಾಲೆಯದು. ಅರ್ಧ ಹೇಳಿದರೆ ಓದಿದವರ ತಲೆಯಲ್ಲಿ ಅವರು ಅಪರಾಧಿ ಅಂತ ಉಳಿದುಬಿಡುತ್ತದೆ.

ಪರ್ತ್ ಪುಟ್ಟ:
ಒಪ್ಪಿದೆ. ಅದರಲ್ಲಿ ಗಮನಿಸಬೇಕಾದದ್ದು ಒಂದಿದೆ, ಆರೋಪ ಬಂದ ಕೂಡಲೇ ಅವರು ಹುದ್ದೆಯಿಂದ ದೂರ ಸರಿದರು, ಕೋರ್ಟಿನಲ್ಲಿ ವಿಚಾರಣೆ ಆಯಿತು, ತೀರ್ಪು ಬಂತು. ಮುಚ್ಚಿಡದೆ ನಡೆಸಿದರೆ ನಿರಪರಾಧಿಗೂ ಹೆಸರು ವಾಪಸ್ ಸಿಗುತ್ತದೆ.

ನಾನು ನಿಜವಾಗಿ ಹೇಳಬೇಕೆಂದಿದ್ದದ್ದು ಇಲ್ಲಿನ ರಾಯಲ್ ಕಮಿಷನ್ ಬಗ್ಗೆ, ಅಂದರೆ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ತನಿಖೆಗೆ ಸರ್ಕಾರ ನೇಮಿಸಿದ ಆಯೋಗ. 2013ರಿಂದ 2017ರವರೆಗೆ ನಡೆಯಿತು. ಬರೀ ಚರ್ಚುಗಳಲ್ಲ, ಶಾಲೆ, ಕ್ರೀಡಾ ಸಂಸ್ಥೆ, ಅನಾಥಾಲಯ, ಎಲ್ಲವನ್ನೂ ಕರೆಸಿ ಕೇಳಿದರು. ರಕ್ಷಣಾ ಪಡೆಯನ್ನೂ ಬಿಡಲಿಲ್ಲ. 2016ರಲ್ಲಿ ನೌಕಾಪಡೆಯ ಲ್ಯೂವಿನ್ ತರಬೇತಿ ಕೇಂದ್ರ, ಬಾಲ್ಕೂಮ್‌ನ ಸೇನಾ ಅಪ್ರೆಂಟಿಸ್ ಶಾಲೆ, ಇವುಗಳ ಬಗ್ಗೆಯೇ ಸಾರ್ವಜನಿಕ ವಿಚಾರಣೆ. ಹದಿನೈದು ಹದಿನಾರು ವಯಸ್ಸಿಗೆ ಸೇರಿದ್ದ ಹುಡುಗರು ಮುದುಕರಾಗಿ ಬಂದು ಹೇಳಿಕೆ ಕೊಟ್ಟರು. ಕೊನೆಯ ವರದಿ 17 ಸಂಪುಟ, 409 ಶಿಫಾರಸು. 2018ರಿಂದ ಪರಿಹಾರ ಯೋಜನೆ, ಗರಿಷ್ಠ 1,50,000 ಆಸ್ಟ್ರೇಲಿಯನ್ ಡಾಲರ್. ಹಣ ಸಾಲದು ಅಂತ ಜಗಳ ಇನ್ನೂ ಇದೆ. ಆದರೆ ಚರ್ಚು ಮತ್ತು ಸೇನೆ ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳಿದ್ದು ದೊಡ್ಡ ವಿಷಯ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂಥದ್ದೊಂದು ಆಗಲೇ ಇಲ್ಲ ಅಲ್ವಾ?

ಕುಡ್ಲದ ಅಕ್ಕ:
ಆಗಿಲ್ಲ. ಅಲ್ಲಿ ಬಿಷಪ್ಪರು 2002ರಲ್ಲಿ ಡಲ್ಲಾಸ್‌ನಲ್ಲಿ ಸೇರಿ ತಾವೇ ನಿಯಮ ಮಾಡಿಕೊಂಡರು, ಮಗುವಿನ ಮೇಲಿನ ದೌರ್ಜನ್ಯ ಒಂದು ಸಲ ಸಾಬೀತಾದರೂ ಆ ಪಾದ್ರಿ ಮತ್ತೆ ಸೇವೆ ಮಾಡುವ ಹಾಗಿಲ್ಲ ಅಂತ. 2004ರಲ್ಲಿ ಜಾನ್ ಜೇ ಕಾಲೇಜಿನಿಂದ ಅಧ್ಯಯನ ಮಾಡಿಸಿದರು, 1950ರಿಂದ 2002ರವರೆಗೆ 4,392 ಪಾದ್ರಿಗಳ ಮೇಲೆ ಆರೋಪ ಬಂದಿತ್ತು ಅಂತ ಲೆಕ್ಕ ಸಿಕ್ಕಿತು. ಅದು ಆಯಾ ಧರ್ಮಪ್ರಾಂತ್ಯಗಳೇ ಕೊಟ್ಟ ಲೆಕ್ಕ. ಆಮೇಲೆ ಒಂದೊಂದೇ ಪ್ರಾಂತ್ಯ ಹೆಸರುಗಳ ಪಟ್ಟಿ ಹೊರಗೆ ಹಾಕತೊಡಗಿತು.

ಸೇನೆಯ ಕುಟುಂಬದವರ ಕಷ್ಟ ಇಲ್ಲೇ ನೋಡಿ. ನಿಮ್ಮ ಮಗುವಿಗೆ ಜರ್ಮನಿಯ ಒಂದು ನೆಲೆಯಲ್ಲಿ ಏನೋ ಆಯಿತು ಅಂತಿಟ್ಟುಕೊಳ್ಳಿ. ಎರಡು ವರ್ಷಕ್ಕೆ ನಿಮಗೆ ಟೆಕ್ಸಾಸ್‌ಗೆ ವರ್ಗ. ಪಾದ್ರಿಗೆ ಜಪಾನಿಗೆ ವರ್ಗ. ಇಪ್ಪತ್ತು ವರ್ಷ ಆದ ಮೇಲೆ ಆ ಮಗು ಬಾಯಿ ಬಿಟ್ಟರೆ ಯಾವ ಪಟ್ಟಿಯಲ್ಲಿ ಹುಡುಕಬೇಕು? ಆ ಪಾದ್ರಿಯ ಮೂಲ ಧರ್ಮಪ್ರಾಂತ್ಯ ಯಾವುದು ಅಂತ ನಿಮಗೆ ಯಾರು ಹೇಳಿದ್ದರು? ಎಲ್ಲರೂ ಅವರನ್ನು "ಫಾದರ್" ಅನ್ನುತ್ತಿದ್ದರು, ಯೂನಿಫಾರ್ಮಿನ ಮೇಲೆ ಇದ್ದದ್ದು ಅಡ್ಡಹೆಸರು ಮಾತ್ರ. ಒಂದು ಊರಿನ ಚರ್ಚಿನಲ್ಲಾದರೆ ಜನ ಅಲ್ಲೇ ಇರುತ್ತಾರೆ, ಗುಸುಗುಸು ಆದರೂ ಆಗುತ್ತದೆ, ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳುತ್ತಾಳೆ. ಸೇನೆಯ ನೆಲೆಯಲ್ಲಿ ಮೂರು ವರ್ಷಕ್ಕೆ ಎಲ್ಲರೂ ಖಾಲಿ.

ಬೆಂಕಿಪೊಟ್ಟಣ:
ಸರಿ, ಮೊದಲು ಹಗುರವಾಗಿ ಮಾತಾಡಿದ್ದೆ, ಈಗ ಗಂಭೀರವಾಗಿ ಕೇಳುತ್ತೇನೆ. ಹಣದ ಹೊಣೆ ಯಾರದ್ದು? ಪೆರಾಲ್ಟ್ ಕೇಸಿನಲ್ಲಿ ವಾಯುಪಡೆ ಏನಾದರೂ ಕೊಟ್ಟಿತಾ?

ಮರಳುಗಾಡಿನ ಮಲೆನಾಡಿಗ:
ವಾಯುಪಡೆ ಕೊಟ್ಟ ಸುದ್ದಿ ನಾನು ಎಲ್ಲೂ ಓದಿಲ್ಲ. ಆಲ್ಬುಕರ್ಕಿಯ ಚರ್ಚುಗಳೂ ಸೇರಿರುವ ಸಾಂತಾ ಫೆ ಮಹಾಧರ್ಮಪ್ರಾಂತ್ಯ ಮಾತ್ರ 2018ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಎಷ್ಟೋ ಪಾದ್ರಿಗಳ ಕೇಸು ಸೇರಿ, ನೊಂದವರು ಸುಮಾರು 375 ಜನ. 2022ರಲ್ಲಿ 12.15 ಕೋಟಿ ಡಾಲರ್‌ಗೆ ರಾಜಿ ಆಯಿತು. ಚರ್ಚು ಅದಕ್ಕಾಗಿ ಆಸ್ತಿ ಮಾರಿತು. ಇಲ್ಲಿನ ಜನಕ್ಕೆ ಹಣಕ್ಕಿಂತ ಮುಖ್ಯ ಅನ್ನಿಸಿದ್ದು ರಾಜಿಯ ಇನ್ನೊಂದು ಷರತ್ತು. ಹಳೆಯ ಫೈಲುಗಳನ್ನು ಸಾರ್ವಜನಿಕರು ನೋಡುವ ಹಾಗೆ ದಾಖಲೆಸಂಗ್ರಹ ಮಾಡಬೇಕು ಅಂತ.

ಧಾರವಾಡದ ವಕೀಲ:
ವಾಯುಪಡೆಯಿಂದ ಬರುವುದು ಬಹಳ ಕಷ್ಟ. ಎರಡು ಗೋಡೆ ಇದೆ.

ಒಂದು, 1950ರ ಫೆರೆಸ್ ತೀರ್ಪು. ಸೇವೆಯಲ್ಲಿರುವ ಸೈನಿಕನಿಗೆ ಸೇವೆಗೆ ಸಂಬಂಧಪಟ್ಟ ಹಾಗೆ ಏನೇ ಹಾನಿಯಾದರೂ ಅವನು ಸರ್ಕಾರದ ಮೇಲೆ ಪರಿಹಾರದ ದಾವೆ ಹೂಡುವ ಹಾಗಿಲ್ಲ. ಇದು ಸೈನಿಕರಿಗೆ. ಎರಡು, ಸೈನಿಕರಲ್ಲದವರು, ಅವರ ಮಕ್ಕಳು ಅಂತಿಟ್ಟುಕೊಳ್ಳಿ, ದಾವೆ ಹೂಡಬಹುದು. ಆದರೆ ಸರ್ಕಾರದ ಮೇಲೆ ದಾವೆ ಹೂಡಲು ಅವಕಾಶ ಕೊಡುವ ಕಾಯ್ದೆಯಲ್ಲೇ, ನೌಕರ ಬೇಕಂತಲೇ ಮಾಡಿದ ಹಲ್ಲೆಗೆ ಸರ್ಕಾರ ಹೊಣೆಯಲ್ಲ ಅಂತ ಬರೆದಿದೆ. ಹಾಗಾಗಿ ಎಲ್ಲರೂ ಚರ್ಚಿನ ಕಡೆ ತಿರುಗುತ್ತಾರೆ. ಅಲ್ಲಿ ಸೇನಾ ಮಹಾಧರ್ಮಪ್ರಾಂತ್ಯಕ್ಕೆ ಬೇರೆ ಪ್ರಾಂತ್ಯಗಳ ಹಾಗೆ ಚರ್ಚು ಕಟ್ಟಡ, ಶಾಲೆ, ಜಮೀನು ಇಲ್ಲ. ಪ್ರಾರ್ಥನಾ ಮಂದಿರಗಳೆಲ್ಲ ಸರ್ಕಾರದ್ದು. ಕೊನೆಗೆ ಮೂಲ ಊರಿನ ಪ್ರಾಂತ್ಯವೇ ಗತಿ.

ಬೆಂಕಿಪೊಟ್ಟಣ:
ಅಂದರೆ ಅಧಿಕಾರ ಇರುವವನ ಹತ್ತಿರ ಹೊಣೆ ಇಲ್ಲ, ಪತ್ರ ಕೊಟ್ಟವನ ಹತ್ತಿರ ಆಸ್ತಿ ಇಲ್ಲ, ಆಸ್ತಿ ಇರುವವನಿಗೆ ಅವನು ಏನು ಮಾಡುತ್ತಿದ್ದ ಅಂತ ಗೊತ್ತಿಲ್ಲ. ಭಲೇ.

ನಿವೃತ್ತ ಸುಬೇದಾರ್:
ಮಕ್ಕಳ ವಿಷಯ ಮಾತ್ರ ಆಯಿತು. ಜವಾನರ ಮೇಲೆ ನಡೆದದ್ದು?

ಧಾರವಾಡದ ವಕೀಲ:
ಅದೂ ಇದೆ ಸರ್. 2007ರಲ್ಲಿ ಅಮೆರಿಕದ ನೌಕಾಪಡೆಯ ಒಬ್ಬ ಕ್ಯಾಥೊಲಿಕ್ ಚಾಪ್ಲಿನ್ ಕೋರ್ಟ್ ಮಾರ್ಷಲ್‌ನಲ್ಲಿ ಲೈಂಗಿಕ ಅಪರಾಧಗಳ ತಪ್ಪು ಒಪ್ಪಿಕೊಂಡ. ನೌಕಾ ಅಕಾಡೆಮಿಯಲ್ಲಿ ಕೆಲಸ ಮಾಡಿದ್ದವನು, ಎಚ್‌ಐವಿ ಇರುವುದನ್ನೂ ಮುಚ್ಚಿಟ್ಟಿದ್ದ. ಹೇಳಿದ ಶಿಕ್ಷೆ 12 ವರ್ಷ, ಒಪ್ಪಂದದ ಪ್ರಕಾರ ಅನುಭವಿಸಬೇಕಾದದ್ದು 2 ವರ್ಷ.

ಅಲ್ಲಿ ತರಬೇತಿಗೆ ಬಂದ ಹುಡುಗ ಯಾರು, ಚಾಪ್ಲಿನ್ ಯಾರು ಅಂತ ಯೋಚಿಸಿ. ಚಾಪ್ಲಿನ್ ಅಧಿಕಾರಿ, ಇವನು ಇನ್ನೂ ಕೆಡೆಟ್. ಅವರು ಪಾದ್ರಿ, ಇವನು ಭಕ್ತ. ಕಷ್ಟ ಹೇಳಿಕೊಳ್ಳಲು ಇವನು ಹೋಗುವುದೇ ಅವರ ಹತ್ತಿರ. ಯಾಕೆಂದರೆ ಅಮೆರಿಕದ ಸೇನೆಯಲ್ಲಿ ಚಾಪ್ಲಿನ್‌ಗೆ ಹೇಳಿದ ಮಾತು ಗುಟ್ಟು. ಕಮಾಂಡರ್‌ಗೆ ಹೋಗುವುದಿಲ್ಲ, ಕೋರ್ಟಿನಲ್ಲೂ ಬಾಯಿ ಬಿಡಿಸುವ ಹಾಗಿಲ್ಲ. ಡಾಕ್ಟರ ಹತ್ತಿರ ಹೋದರೆ ಕೆಲಸಕ್ಕೆ ತೊಂದರೆ ಆಗಬಹುದು ಅಂತ ಹೆದರುವವರೂ ಪಾದ್ರಿಯ ಹತ್ತಿರ ಹೋಗುತ್ತಾರೆ.

ಸುಮ್ನೆ ಕೇಳ್ದೆ:
ಹಾಗಾದರೆ ಆ ಗುಟ್ಟಿನ ನಿಯಮವನ್ನೇ ತೆಗೆದುಹಾಕಬೇಕು ಅಲ್ವಾ?

ನಿವೃತ್ತ ಸುಬೇದಾರ್:
ಬೇಡಪ್ಪಾ. ಅದನ್ನು ತೆಗೆದರೆ ಹುಡುಗರು ಯಾರ ಹತ್ತಿರವೂ ಹೋಗುವುದಿಲ್ಲ. ರಾತ್ರಿ ಡ್ಯೂಟಿಯಲ್ಲಿ ರೈಫಲ್ ಹಿಡಿದು ಒಬ್ಬನೇ ಕೂತ ಹುಡುಗನ ತಲೆಯಲ್ಲಿ ಏನು ಓಡುತ್ತದೆ ಅಂತ ನಾನು ಕಂಡಿದ್ದೇನೆ. ಅವನಿಗೆ ಒಬ್ಬ ಮನುಷ್ಯ ಬೇಕು.

ಕುಡ್ಲದ ಅಕ್ಕ:
ಸಾಹೇಬ್ರ ಮಾತು ನಿಜ. ಗುಟ್ಟು ಇರಬೇಕಾದದ್ದು ಹೇಳಿಕೊಂಡವನ ರಕ್ಷಣೆಗೆ, ಕೇಳಿಸಿಕೊಂಡವನ ರಕ್ಷಣೆಗಲ್ಲ. ಪಾದ್ರಿಯೇ ತಪ್ಪು ಮಾಡಿದ್ದರೆ ಆ ಹುಡುಗ ಬಾಯಿ ಬಿಡುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಹೆದರಿಕೆ, ನಾಚಿಕೆ. ಹೇಳಲು ಬೇರೆ ಬಾಗಿಲು ಬೇಕು, ಅಷ್ಟೇ.

ಧಾರವಾಡದ ವಕೀಲ:
ಬೇರೆ ಬಾಗಿಲು ಸ್ವಲ್ಪ ತೆರೆದಿದೆ. ಮೊದಲು ಅಮೆರಿಕದ ಸೇನೆಯಲ್ಲಿ ಲೈಂಗಿಕ ಅಪರಾಧದ ಕೇಸು ನಡೆಸಬೇಕೋ ಬೇಡವೋ ಅಂತ ತೀರ್ಮಾನಿಸುತ್ತಿದ್ದುದು ಕಮಾಂಡರ್. 2023ರ ಡಿಸೆಂಬರ್ ಕೊನೆಯಿಂದ ಅದನ್ನು ಅವರ ಕೈಯಿಂದ ತೆಗೆದು ಸ್ವತಂತ್ರ ಮಿಲಿಟರಿ ಪ್ರಾಸಿಕ್ಯೂಟರ್‌ಗಳಿಗೆ ಕೊಟ್ಟಿದ್ದಾರೆ. ಆರೋಪಿ ಚಾಪ್ಲಿನ್ ಆದರೂ ಅದೇ ದಾರಿ.

ನಮ್ಮ ದೇಶದ್ದೂ ಯಾರಾದರೂ ಕೇಳುತ್ತೀರಿ ಅಂತ ಹೇಳಿಬಿಡುತ್ತೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಬಿಷಪ್, ಸ್ವಾಮೀಜಿ, ಹೆಡ್‌ಮಾಸ್ಟರ್, ಯಾರಿಗೂ ವಿನಾಯಿತಿ ಇಲ್ಲ. ಬಳಕೆ ಎಷ್ಟು ಅನ್ನುವುದು ಬೇರೆ ಚರ್ಚೆ.

ದಕ್ಷಿಣದ ಗಾಳಿ:
ಆ ಬೇರೆ ಚರ್ಚೆಯೂ ಇಲ್ಲಿ ಆಗಲಿ ಅಂತ ನನ್ನ ಬೇಡಿಕೆ. ಆಗ ನಾನು ಮೊದಲು ಹೇಳಿದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ನಿರ್ವಾಹಕರು:
ಹೊಸ ಎಳೆ ಶುರುಮಾಡಿ, ನಾವು ತೆಗೆಯುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ಕೇಸುಗಳ ಬಗ್ಗೆ ಬರೆಯುವಾಗ ಮಾತ್ರ ಎಚ್ಚರ.

ಮರಳುಗಾಡಿನ ಮಲೆನಾಡಿಗ:
ವಕೀಲರೇ, ಒಂದು ಕೊನೆಯ ಪ್ರಶ್ನೆ. ಆ ಎರವಲು ಪಾದ್ರಿಯ ಫೈಲು ಈಗಲಾದರೂ ಪೂರ್ತಿ ಸೇನಾ ಆರ್ಚ್‌ಬಿಷಪ್ಪರ ಕೈಗೆ ಬರುತ್ತದಾ, ಅಥವಾ ಊರಿನ ಬಿಷಪ್ "ಒಳ್ಳೆಯ ಮನುಷ್ಯ" ಅಂತ ಒಂದು ಸಾಲು ಬರೆದರೆ ಸಾಕಾ?

ಧಾರವಾಡದ ವಕೀಲ:
2002ರ ನಿಯಮದಲ್ಲಿ ಒಂದು ಧರ್ಮಪ್ರಾಂತ್ಯದಿಂದ ಇನ್ನೊಂದಕ್ಕೆ ಪಾದ್ರಿಯನ್ನು ಕಳಿಸುವಾಗ, ಹಿಂದಿನ ದೌರ್ಜನ್ಯ ಅಥವಾ ಮಕ್ಕಳಿಗೆ ಅಪಾಯ ಆಗಬಹುದು ಅನ್ನುವ ಮಾಹಿತಿ ಏನೇ ಇದ್ದರೂ ಆ ಬಿಷಪ್ಪರಿಗೆ ಗುಟ್ಟಾಗಿ ತಿಳಿಸಬೇಕು ಅಂತ ಇದೆ. ಬರೆದುಕೊಡಬೇಕಾದವರು ಬಿಷಪ್, ಓದಬೇಕಾದವರೂ ಬಿಷಪ್. ಹೊರಗಿನವರು ಆ ಫೈಲು ತೆರೆದು ನೋಡಬೇಕಾದರೆ ಇವತ್ತಿಗೂ ಕೋರ್ಟಿನ ಆದೇಶವೋ, ಸಾಂತಾ ಫೆಯಲ್ಲಿ ಆದ ಹಾಗೆ ರಾಜಿಯ ಷರತ್ತೋ ಬೇಕು.